ಕಾಫಿ ಇಳಿದ ದಾರಿ, ಸಾಲ ಹತ್ತಿದ ದಾರಿ

ಕೊಡಗಿಗೆ ಸಮುದ್ರವಿಲ್ಲ. ರೈಲೂ ಇಲ್ಲ, ಇವತ್ತಿಗೂ ಇಲ್ಲ. ಆದರೂ ಕೊಡಗಿನ ಕಾಫಿ ನೂರೈವತ್ತು ವರ್ಷಕ್ಕೂ ಮೇಲಾಗಿ ಹಡಗು ಹತ್ತುತ್ತಲೇ ಇದೆ. ಹಾಗಾದರೆ ಅದನ್ನು ಕಡಲಿನ ತನಕ ಮುಟ್ಟಿಸಿದವರು ಯಾರು? ಪುಸ್ತಕ ತೆರೆದರೆ ತೋಟ ಹಾಕಿದ ದೊರೆಗಳ ಹೆಸರು ಸಿಗುತ್ತದೆ, ರಾಜರ ಹೆಸರು ಸಿಗುತ್ತದೆ, ಪಾದ್ರಿಗಳ ಹೆಸರು ಸಿಗುತ್ತದೆ. ಕಾಡು ಕಡಿದವರ, ಹಣ್ಣು ಕೊಯ್ದವರ, ಮೂಟೆ ಹೊತ್ತವರ ಹೆಸರು ಸಿಗುವುದಿಲ್ಲ. 'ಕೂಲಿಗಳು' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರುತ್ತಾರೆ.

ಕೊಡಗಿನ ಲೈನ್‌ ಮನೆಗಳಲ್ಲಿ, ಹಾಡಿಗಳಲ್ಲಿ ಕೆಲವು ದಿನ ತಿರುಗಾಡಿದ ಮೇಲೆ ನಾವು ಸಂಪಾಜೆ, ಸುಳ್ಯ, ಪುತ್ತೂರು ಹಾದಿಯಾಗಿ ಮಂಗಳೂರಿಗೆ ಇಳಿದೆವು. ಘಟ್ಟ ಇಳಿದದ್ದು ಬಸ್ಸಿನಲ್ಲಿ. ಮಂಗಳೂರನ್ನು ಮಾತ್ರ ಕಾಲ್ನಡಿಗೆಯಲ್ಲೇ ನೋಡಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಕಾಫಿ ಮೂಟೆಯ ಬೆನ್ನು ಹತ್ತಿ ಹೋದರೆ ನಮ್ಮ ಜನರ ಚರಿತ್ರೆಯ ಒಂದಷ್ಟು ಹೆಜ್ಜೆಯಾದರೂ ಕಾಣಿಸೀತು ಅನ್ನುವ ಆಸೆ.

ಮಂಗಳೂರಿಗೆ ಹೋಗುವ ಮುಂಚೆ ಕೊಡಗಿನ ಒಂದು ಮಾತು ಹೇಳಬೇಕು. ಕೊಡಗು ಅಂದರೆ ವೀರರ ನಾಡು, ಸ್ವಾಭಿಮಾನಿಗಳ ನಾಡು ಅಂತ ನಾವೆಲ್ಲ ಶಾಲೆಯಲ್ಲಿ ಓದಿದವರೇ. ಆ ನಾಡಿನಲ್ಲಿ ಗುಲಾಮರಿದ್ದರು ಅನ್ನುವುದನ್ನು ಯಾವ ಮೇಷ್ಟರೂ ನಮಗೆ ಹೇಳಲಿಲ್ಲ. 1817ರ ಹೊತ್ತಿಗೆ ಕೊಡಗನ್ನು ಅಳೆದ ಕಂಪನಿಯ ಲೆಫ್ಟಿನೆಂಟ್‌ ಕಾನರ್‌ ಈ ಗುಲಾಮರ ವಿಷಯ ಬರೆದಿಟ್ಟಿದ್ದಾನೆ. ಹೊಲೆಯರು, ಎರವರು ಒಡೆಯರ ಆಸ್ತಿ. ಅದರಲ್ಲೂ ಎರಡು ಬಗೆ: ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು. ಮೊದಲನೆಯವನು ಗದ್ದೆಗೆ ಅಂಟಿಕೊಂಡವನು, ಗದ್ದೆ ಕೈ ಬದಲಾದರೆ ಅವನ ಒಡೆಯನೂ ಬದಲಾಗುತ್ತಾನೆ. ಎರಡನೆಯವನು ಮನೆತನಕ್ಕೆ ಸೇರಿದವನು, ಅವನನ್ನು ದನ ಮಾರಿದ ಹಾಗೆ ಮಾರಬಹುದು, ಅಡ ಇಡಬಹುದು. ಘಟ್ಟದ ಕೆಳಗೂ ಇದೇ ಕತೆ. ಅಲ್ಲಿ ಹೆಸರು ಬೇರೆ, ಮೂಲದಾಳು ಅಂತ. ಮೇಲೆ ಜಮ್ಮ, ಕೆಳಗೆ ಮೂಲ. ಎರಡೂ ಶಬ್ದಗಳು ಹೇಳುವುದು ಒಂದನ್ನೇ: ಹುಟ್ಟಿದ್ದೇ ಸಾಲ.

1843ರಲ್ಲಿ ಕಂಪನಿ ಸರ್ಕಾರ ಒಂದು ಕಾಯಿದೆ ಮಾಡಿ, ಗುಲಾಮಗಿರಿಯನ್ನು ನ್ಯಾಯಾಲಯ ಮಾನ್ಯ ಮಾಡುವುದಿಲ್ಲ ಎಂದಿತು. 1862ರಲ್ಲಿ ದಂಡ ಸಂಹಿತೆ ಜಾರಿಗೆ ಬಂದು ಮನುಷ್ಯರನ್ನು ಕೊಳ್ಳುವುದು, ಮಾರುವುದು ಅಪರಾಧವಾಯಿತು. ಈ ಎರಡು ವರ್ಷಗಳ ನಡುವೆ ಇನ್ನೊಂದು ವರ್ಷ ಇದೆ, ಅದನ್ನು ಮರೆಯಬಾರದು. 1854ರಲ್ಲಿ ಫೌಲರ್‌ ಎಂಬ ದೊರೆ ಮಡಿಕೇರಿಯಲ್ಲಿ ಮೊದಲ ಯೂರೋಪಿಯನ್‌ ಕಾಫಿ ತೋಟ ತೆರೆದ. ಅಂದರೆ ಒಡೆಯನ ಗದ್ದೆಯಿಂದ ಆಳು ಕಾಲು ಹೊರಗಿಡುವುದಕ್ಕೂ, ದೊರೆಯ ತೋಟ ಬಾಯಿ ತೆರೆದು ನಿಲ್ಲುವುದಕ್ಕೂ ಸರಿಹೋಯಿತು. ಬಿಡುಗಡೆ ಬಂತು, ಭೂಮಿ ಬರಲಿಲ್ಲ. ಭೂಮಿ ಇಲ್ಲದವನ ಬಿಡುಗಡೆ ಎಷ್ಟು ದೂರ ನಡೆದೀತು? ಪಕ್ಕದ ತೋಟದ ಗೇಟಿನವರೆಗೆ.

ಆ ಕಾಲದಲ್ಲಿ ಕಾಫಿ ಹೇಗೆ ಕಡಲಿಗೆ ಹೋಗುತ್ತಿತ್ತು ನೋಡಿ. ಹಣ್ಣು ಕೊಯ್ದು, ಸಿಪ್ಪೆ ಬಿಡಿಸಿ, ಕೊಳೆಹಾಕಿ ತೊಳೆದು, ಒಳಗಿನ ತೆಳು ಹೊಟ್ಟಿನ ಸಮೇತ ಚೀಲಕ್ಕೆ ತುಂಬುವುದು. ಇದಕ್ಕೇ ಪಾರ್ಚ್‌ಮೆಂಟ್‌ ಅನ್ನುವುದು. ಘಟ್ಟದ ತಂಪಿನಲ್ಲಿ ಬೀಜ ಪೂರ್ತಿ ಒಣಗುವುದಿಲ್ಲ. ಅದಕ್ಕೆ ಕಡಲತೀರದ ಸುಡುಬಿಸಿಲೇ ಬೇಕು. ಹಾಗಾಗಿ ಎತ್ತಿನ ಗಾಡಿಗಳ ಸಾಲು ತಲಚೇರಿಗೆ, ಮಂಗಳೂರಿಗೆ ಇಳಿಯುತ್ತಿತ್ತು. ಅಲ್ಲಿ ಮತ್ತೆ ಒಣಗಿಸಿ, ಹೊಟ್ಟು ಬಿಡಿಸಿ, ಬೀಜ ಆರಿಸಿ ಹಡಗಿಗೆ ಹಾಕುವುದು. ಇದೆಲ್ಲ ಮಳೆಗಾಲ ಹಿಡಿಯುವ ಮುಂಚೆ ಮುಗಿಯಬೇಕು. ಮಳೆ ಹಿಡಿದರೆ ಹಡಗು ಬರುವುದಿಲ್ಲ. ಘಟ್ಟದ ಮೇಲೆ ಕೊಯ್ಯುವವಳ ಬೆರಳಿಗೂ ಅರಬ್ಬೀ ಸಮುದ್ರದ ಗಾಳಿಗೂ ಹೀಗೆ ಒಂದು ನಂಟಿತ್ತು. ಅವಳು ಸಮುದ್ರ ನೋಡಿರಲಿಕ್ಕಿಲ್ಲ. ಸಮುದ್ರ ಮಾತ್ರ ಅವಳನ್ನು ಅವಸರಪಡಿಸುತ್ತಿತ್ತು.

ಮಂಗಳೂರಿನ ಹಳೆ ಬಂದರಿನಿಂದ ನಮ್ಮ ನಡಿಗೆ ಶುರುವಾಯಿತು. ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಜಾಗ. ಅಳಿವೆಯ ಬಾಯಿಗೆ ಮರಳು ಕಟ್ಟಿಕೊಳ್ಳುವುದರಿಂದ ದೊಡ್ಡ ಹಡಗುಗಳು ಒಳಗೆ ಬರುತ್ತಿರಲಿಲ್ಲ. ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ದಡದಿಂದ ದೋಣಿಗೆ, ದೋಣಿಯಿಂದ ಹಡಗಿಗೆ ಮೂಟೆ ಸಾಗಬೇಕು. ಒಂದೊಂದು ಮೂಟೆಗೂ ಒಂದೊಂದು ಬೆನ್ನು ಲೆಕ್ಕ ಹಾಕಿಕೊಳ್ಳಿ. ಇವತ್ತು ಅಲ್ಲಿ ಮೀನಿನ ಧಕ್ಕೆ, ಐಸು ತುಂಬಿದ ಪೆಟ್ಟಿಗೆ, ಲಾರಿಗಳ ಗದ್ದಲ. ಬಂದರಿನ ಇಕ್ಕಟ್ಟು ಬೀದಿಗಳಲ್ಲಿ ಹಳೇ ಗೋದಾಮುಗಳ ಹೆಂಚಿನ ಮಾಡುಗಳು ಬಾಗಿ ನಿಂತಿವೆ. ಹೈದರಾಲಿ 1763ರಲ್ಲಿ ಈ ಬಂದರು ಹಿಡಿದ, 1784ರಲ್ಲಿ ಟಿಪ್ಪು ಇಂಗ್ಲಿಷರ ಜತೆ ಇಲ್ಲಿ ಒಪ್ಪಂದ ಮಾಡಿದ, 1799ರಲ್ಲಿ ಕಂಪನಿಯ ಪಾಲಾಯಿತು. ಧಣಿಗಳು ಬದಲಾದರು. ಮೂಟೆ ಹೊರುವ ಬೆನ್ನುಗಳು ಬದಲಾಗಲಿಲ್ಲ.

ಕಾಫಿ ಈ ದಾರಿಯಲ್ಲಿ ಇಳಿಯಿತು. ಹತ್ತಿದ್ದು ಏನು? ಸಾಲ. ತೋಟಕ್ಕೆ ಆಳು ಬೇಕು. ಮೇಸ್ತ್ರಿ ಘಟ್ಟದ ಕೆಳಗಿನ ಕೇರಿಗಳಿಗೆ ಇಳಿದು ಮುಂಗಡ ಕೊಡುತ್ತಾನೆ. ಮುಂಗಡ ತಿಂದವನು ಘಟ್ಟ ಹತ್ತಲೇಬೇಕು. 1859ರಲ್ಲಿ ಸರ್ಕಾರ ಒಂದು ಕಾಯಿದೆ ಮಾಡಿತು: ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟರೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಬಹುದು. ಗುಲಾಮಗಿರಿ ಹೋಯಿತು ಅಂತ ಒಂದು ಕೈಯಲ್ಲಿ ಬರೆದ ಸರ್ಕಾರವೇ ಇನ್ನೊಂದು ಕೈಯಲ್ಲಿ ಇದನ್ನು ಬರೆಯಿತು. ಆ ಕಾಯಿದೆ ರದ್ದಾದದ್ದು 1925ರಲ್ಲಿ. ಅರವತ್ತಾರು ವರ್ಷ! ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಚೋಮನ ಮಕ್ಕಳು ಸಾಲ ತೀರಿಸಲು ಹೋಗುವುದು ಘಟ್ಟದ ಮೇಲಿನ ಕಾಫಿ ತೋಟಕ್ಕೆ. ಚೋಮನಿಗೆ ಬೇಕಾದದ್ದು ಉಳಲು ಒಂದು ತುಂಡು ಗದ್ದೆ. ಸಿಕ್ಕಿದ್ದು ತೋಟದ ಲೆಕ್ಕದ ಪುಸ್ತಕ. ಕಾದಂಬರಿ ಅಂತ ಓದಿ ಕಣ್ಣೀರು ಹಾಕಿದವರು ಬಹಳ ಜನ. ಅದು ಚರಿತ್ರೆ ಅಂತ ಓದಿದವರು ಕಡಿಮೆ.

ಬಂದರಿನಿಂದ ಹಂಪನಕಟ್ಟೆ ದಾಟಿ ಬಾವುಟಗುಡ್ಡೆ ಹತ್ತಿದೆವು. ಕೊಡಗಿನ ಕಡೆಯಿಂದ ಮಂಗಳೂರಿಗೆ ನಡೆದು ಬಂದವರಲ್ಲಿ ಚರಿತ್ರೆ ನೆನಪಿಟ್ಟುಕೊಂಡಿರುವುದು ಒಂದು ದಂಡನ್ನು ಮಾತ್ರ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿದ ಕಂಪನಿ, ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಿತ್ತು ಕೆನರಾಕ್ಕೆ ಸೇರಿಸಿತು. ಧಾನ್ಯದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಿ ಎಂದಿತು. ಉಪ್ಪು, ಹೊಗೆಸೊಪ್ಪು ಸರ್ಕಾರದ ಮುಷ್ಟಿಯಲ್ಲಿದ್ದವು. ರೈತರು ಸಿಡಿದೆದ್ದರು. 1837ರ ಏಪ್ರಿಲ್‌ ಮೊದಲ ವಾರ ದಂಡು ಮಂಗಳೂರಿಗೆ ಬಂತು. ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಓಡಿದರು. ಸುಮಾರು ಹದಿಮೂರು ದಿನ ಊರು ಬಂಡಾಯಗಾರರ ಕೈಲಿತ್ತು. ಆಮೇಲೆ ಕಣ್ಣೂರಿನಿಂದ ಸೈನ್ಯ ಬಂತು, ಗಲ್ಲುಗಳು ಎದ್ದವು. 'ಕಲ್ಯಾಣಪ್ಪನ ಕಾಟಕಾಯಿ' ಅಂತ ಅಸಡ್ಡೆಯ ಹೆಸರಿಟ್ಟು ಅದನ್ನು ಮೂಲೆಗೆ ತಳ್ಳಿದ್ದರು. 2022ರಲ್ಲಿ ಬಾವುಟಗುಡ್ಡೆಯ ಮೇಲೆ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ಆಗಬೇಕಾದದ್ದೇ, ಸಂತೋಷ. ಆದರೆ ಪ್ರತಿಮೆಯ ಎದುರು ನಿಂತು ನಾವು ಕೇಳಿಕೊಂಡ ಪ್ರಶ್ನೆ ಬೇರೆ. ಅಷ್ಟು ದೊಡ್ಡ ದಂಡಿಗೆ ಅಕ್ಕಿ ಹೊತ್ತವರು ಯಾರು? ಕಾಡಿನಲ್ಲಿ ದಾರಿ ಕಡಿದವರು ಯಾರು? ನಗದು ಕಂದಾಯದ ಭಾರ ರೈತನ ಬೆನ್ನು ಬಗ್ಗಿಸಿತು ನಿಜ. ಆ ಬಗ್ಗಿದ ಬೆನ್ನಿನ ಕೆಳಗೆ ಮೂಲದಾಳಿನ ಬೆನ್ನು ಇತ್ತಲ್ಲ, ಅದರ ಲೆಕ್ಕ ಎಲ್ಲಿ?

ಬಾವುಟಗುಡ್ಡೆಯಿಂದ ಬಲ್ಮಠ ದೂರವಿಲ್ಲ. 1834ರಲ್ಲಿ ಬಂದ ಬಾಸೆಲ್‌ ಮಿಷನ್ನಿನವರ ನೆಲೆ. 1841ರಲ್ಲಿ ಅವರ ಛಾಪಖಾನೆ ಶುರುವಾಯಿತು, 1843ರಲ್ಲಿ ಮೋಗ್ಲಿಂಗ್‌ 'ಮಂಗಳೂರ ಸಮಾಚಾರ' ತಂದ, 1894ರಲ್ಲಿ ಕಿಟ್ಟೆಲ್‌ ನಿಘಂಟು ಹೊರಬಂತು. ಕನ್ನಡ ಪ್ರಾಧ್ಯಾಪಕರು ಇದಿಷ್ಟನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಮೋಗ್ಲಿಂಗ್‌ 1853ರಲ್ಲಿ, ಮಂಗಳೂರಿಗೆ ಇಳಿದು ಬಂದಿದ್ದ ಕೊಡಗಿನ ಸೋಮಯ್ಯನ ಜತೆ ಘಟ್ಟ ಹತ್ತಿದ್ದನ್ನು ಮಾತ್ರ ಹೇಳುವುದು ಕಡಿಮೆ. ಕೊಡವರು ಮತಕ್ಕೆ ಬರುತ್ತಾರೆ ಅಂತ ಅವನ ನಿರೀಕ್ಷೆ. ಅವನ ಬಳಿ ಬಂದವರು ಹೊಲೆಯರು. ಅಮ್ಮತ್ತಿ ಕಡೆ ಅವರಿಗಾಗಿ ಎದ್ದ ಊರು ಆನಂದಪುರ. ಆಳುಗಳಾಗಿದ್ದವರು ತಮ್ಮದೇ ಮನೆ ಕಟ್ಟಿಕೊಂಡ ಊರು.

ಮತಾಂತರ ಅಂದ ಕೂಡಲೇ ಮೈಮೇಲೆ ಬಂದವರಂತೆ ಕೂಗಾಡುವವರು ಇದ್ದಾರೆ. ಅವರಿಗೆ ನಾವು ಹೇಳುವುದು ಇಷ್ಟೇ. ಮಾರಾಟದ ವಸ್ತುವಾಗಿದ್ದವನು ಸೂರು, ಅಕ್ಷರ, ಒಂದು ಹೆಸರು ಸಿಗುತ್ತದೆ ಅಂತ ನಡೆದು ಹೋದರೆ, ಕೇಳಬೇಕಾದ ಪ್ರಶ್ನೆ ಅವನನ್ನಲ್ಲ. ಅವನನ್ನು ಮಾರುತ್ತಿದ್ದವರನ್ನು. ಹಾಗಂತ ಮಿಷನ್ನನ್ನು ಹೊತ್ತು ಕುಣಿಯುವುದೂ ಬೇಡ. ಆನಂದಪುರದಲ್ಲೂ ಕಾಫಿ ತೋಟವೇ ಬೆಳೆಯಿತು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆಯಲ್ಲಿ ಮತಕ್ಕೆ ಸೇರಿದವರಿಗೆ ಕೆಲಸ ಸಿಕ್ಕಿತು. ಕಾರ್ಖಾನೆಯ ಒಡೆತನ ಸಿಗಲಿಲ್ಲ. ದೇವರು ಬದಲಾದ, ಬೆವರು ಅದೇ.

ಜೆಪ್ಪುವಿನ ದಾರಿಯಲ್ಲಿ ಅತ್ತಾವರದ ಬಾಬುಗುಡ್ಡೆಯಲ್ಲಿ ನಿಂತೆವು. ಕುದ್ಮುಲ್‌ ರಂಗರಾಯರ ಸಮಾಧಿ ಇಲ್ಲಿದೆ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ, ವಕೀಲ. 1892ರಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್‌ ಕ್ಲಾಸಸ್‌ ಮಿಷನ್‌ ಕಟ್ಟಿದರು, ಸ್ವಜಾತಿಯ ಬಹಿಷ್ಕಾರ ಉಂಡರು, 1928ರಲ್ಲಿ ತೀರಿಕೊಂಡರು. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗು ಸರ್ಕಾರಿ ಹುದ್ದೆಗೆ ಸೇರಿ, ಕಾರಿನಲ್ಲಿ ಓಡಾಡಿ, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂದವರು ಅವರು. ಊರಿನ ಪುರಭವನಕ್ಕೆ ಈಗ ಅವರ ಹೆಸರಿದೆ. ಆದರೆ ಅದೇ ಊರಿನ ಬೀದಿ ಗುಡಿಸಲು ಕೊರಗರನ್ನು ಹಚ್ಚಿದ್ದನ್ನೂ ನೆನಪಿಟ್ಟುಕೊಳ್ಳೋಣ. ಕೊರಗರಿಗೆ ಎಂಜಲು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ. ಎಷ್ಟನೇ ಶತಮಾನ ಅಂತ ನೀವೇ ಎಣಿಸಿಕೊಳ್ಳಿ.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಬಂದದ್ದೂ ಇದೇ ದಾರಿಯಲ್ಲಿ. 1932ರ ಪೂನಾ ಒಪ್ಪಂದದ ನಂತರದ ಹರಿಜನ ಪ್ರವಾಸ. ಕೊಡಗು ಸುತ್ತಿ, ಸಂಪಾಜೆ ಇಳಿದು, ಪುತ್ತೂರು ಹಾದು ಮಂಗಳೂರು ತಲುಪಿದರು, ರಂಗರಾಯರ ಶಾಲೆಗೂ ಹೋದರು. ಬಾವಿ ತೆರೆಯಿರಿ, ದೇವಸ್ಥಾನ ತೆರೆಯಿರಿ ಅಂತ ಕೇಳಿದ ಪ್ರವಾಸ ಅದು. ಭೂಮಿ ಹಂಚಿ ಅಂತ ಕೇಳಿದ ಪ್ರವಾಸವಲ್ಲ.

ಭೂಮಿ ಹಂಚುವ ಮಾತು ಬಂದದ್ದು 1974ರಲ್ಲಿ, ಉಳುವವನೇ ಒಡೆಯ ಅಂತ. ದಕ್ಷಿಣ ಕನ್ನಡದಲ್ಲಿ ಸಾವಿರಾರು ಗೇಣಿದಾರರಿಗೆ ಭೂಮಿ ಬಂತು. ಅದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಮೂಲದಾಳು ಗೇಣಿದಾರನಲ್ಲವಲ್ಲ! ಗೇಣಿ ಚೀಟಿ ಇದ್ದವನು ಒಡೆಯನಾದ, ನೇಗಿಲು ಹಿಡಿದಿದ್ದವನು ಆಳಾಗಿಯೇ ಉಳಿದ. ಘಟ್ಟದ ಮೇಲಂತೂ ಕಾಫಿ ತೋಟಗಳನ್ನು ಪ್ಲಾಂಟೇಶನ್‌ ಅಂತ ಕಾಯಿದೆಯಿಂದ ಹೊರಗಿಟ್ಟರು. ಅದರ ಮರುವರ್ಷ, 1975ರ ಜನವರಿಯಲ್ಲಿ, ಇಂದಿರಾ ಗಾಂಧಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟಿಸಿದರು. ಈಗ ಕಾಫಿ ಕಂಟೇನರಿನಲ್ಲಿ ಹೋಗುತ್ತದೆ. ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ. ಒಳಗಿನ ಬೆವರಿನ ವಾಸನೆ ಹೊರಗೆ ಬರುವುದಿಲ್ಲ.

ಇದೆಲ್ಲ ಹಳೇ ಕತೆ ಅನ್ನುವವರಿಗೆ ಎರಡು ಹೊಸ ಸಂಗತಿ ಹೇಳುತ್ತೇವೆ. 2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲೂಕಿನ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತುಹಾಕಿದರು. ಅವರಲ್ಲಿ ಬಹಳಷ್ಟು ಜನ ತೋಟದ ಲೈನ್‌ ಮನೆ ಬಿಟ್ಟು ಬಂದವರು. ಸರ್ಕಾರಿ ಜಾಗ, ಅತಿಕ್ರಮಣ ಅಂತ ಕಾರಣ ಹೇಳಿದರು. ಹೋರಾಟ ನಡೆದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ ಕೊಟ್ಟು ಕಳಿಸಿದರು. 2022ರಲ್ಲಿ ಇದೇ ರಾಜ್ಯದ ಶಾಸನಸಭೆ ಭೂಕಂದಾಯ ಕಾಯಿದೆಗೆ ತಿದ್ದುಪಡಿ ತಂದಿತು. ಸರ್ಕಾರಿ ಜಮೀನು ಒತ್ತಿ ಕಾಫಿ ಮುಂತಾದ ತೋಟ ಮಾಡಿಕೊಂಡವರಿಗೆ 25 ಎಕರೆವರೆಗೆ ಮೂವತ್ತು ವರ್ಷದ ಗುತ್ತಿಗೆ! ಗುಡಿಸಲು ಹಾಕಿದರೆ ಅತಿಕ್ರಮಣ, ತೋಟ ಹಾಕಿದರೆ ಕೃಷಿ. ಜಮ್ಮದ ಆಳಿನ ಮೊಮ್ಮಗ ಕೇಳುವುದು ಪೈಸಾರಿಯಲ್ಲಿ ಮನೆ ಕಟ್ಟುವಷ್ಟು, ಬೆಳೆ ತೆಗೆಯುವಷ್ಟು ನೆಲ. ಅದಕ್ಕೆ ಜಾಗವಿಲ್ಲ ಅನ್ನುತ್ತಾರೆ. ಜಾಗ ಎಲ್ಲಿದೆ, ಯಾರ ಬೇಲಿಯೊಳಗಿದೆ ಅಂತ ಆ ಬೇಲಿ ಹಾಕಿದ ಕೈಗಳಿಗೆ ಚೆನ್ನಾಗಿ ಗೊತ್ತು. ಬೇಲಿ ಹಾಕಿದವರು ನಮ್ಮವರೇ.