ಗುಜರಿ ಅಂಗಡಿಯ ಚೊಂಬು

ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗ ಶನಿವಾರ ಫೋನ್ ಮಾಡಿದರೆ ಮಾತು ಒಂದೇ, ಗರಾಜ್ ಸೇಲ್. ಅಲ್ಲಿನವರು ಮನೆ ಬದಲಾಯಿಸುವಾಗ ಬೇಡದ ಸಾಮಾನನ್ನೆಲ್ಲ ಕಾರು ನಿಲ್ಲಿಸುವ ಶೆಡ್ಡಿನ ಮುಂದೆ ಹರಡಿ, ಒಂದೊಂದಕ್ಕೂ ಚೀಟಿ ಅಂಟಿಸಿ ಮಾರುತ್ತಾರಂತೆ. ಇವನು ಬೆಳಗ್ಗೆ ಏಳಕ್ಕೇ ಎದ್ದು ಹೋಗಿ ಎರಡು ಡಾಲರಿಗೆ ಲ್ಯಾಂಪು, ಮೂರು ಡಾಲರಿಗೆ ಕ್ಯಾಮೆರಾ ಅಂತ ತಂದು, ಒರೆಸಿ ಫೋಟೋ ಹೊಡೆದು, ಇಂಟರ್ನೆಟ್ಟಿನಲ್ಲಿ ಹತ್ತು ಪಟ್ಟು ಬೆಲೆಗೆ ಮಾರುತ್ತಾನೆ. ಒಳ್ಳೆ ಸಂಬಳ ಇದೆ, ದುಡ್ಡಿಗಾಗಿ ಅಲ್ಲ. ಚಟ. ಮೊನ್ನೆ ಮಾತಿನ ನಡುವೆ, "ನಂಜನಗೂಡಲ್ಲಿ ಇಂಥದ್ದೆಲ್ಲ ಎಲ್ಲಿ ಬರಬೇಕು ಬಿಡೋ" ಅಂದುಬಿಟ್ಟ. ಸ್ವಲ್ಪ ಉರಿಯಿತು ನನಗೆ.

ನಮ್ಮಲ್ಲಿ ಗರಾಜೂ ಇಲ್ಲ, ಸೇಲಿನ ಬೋರ್ಡೂ ಇಲ್ಲ, ನಿಜ. ಆದರೆ ಗುಜರಿ ಇದೆಯಲ್ಲ! ನಂಜನಗೂಡಿನಿಂದ ತಿ. ನರಸೀಪುರಕ್ಕೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಈ ಎರಡು ಊರುಗಳ ಗುಜರಿ ಅಂಗಡಿಗಳು, ವಾರದ ಸಂತೆಗಳು, ಜಾತ್ರೆಯ ಕೊನೆಯ ದಿನ ಗೋಣಿತಾಟಿನ ಮೇಲೆ ಹಳೆ ಸಾಮಾನು ಹರಡಿಕೊಂಡು ಕೂರುವವರು, ಇವರ ಮುಂದೆ ಕುಕ್ಕರಗಾಲಲ್ಲಿ ಕೂತು ಕೆದಕುವುದು ಹದಿನೈದು ವರ್ಷದಿಂದ ನನ್ನ ಭಾನುವಾರದ ಕೆಲಸ. ಮನೆಯಲ್ಲಿ ಇದಕ್ಕೆ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗುಜರಿ ಅನ್ನೋ ಪದ ಕೂಡ ಸೆಕೆಂಡ್ ಹ್ಯಾಂಡೇ ನೋಡಿ. ಉರ್ದು, ಹಿಂದೂಸ್ತಾನಿಯಲ್ಲಿ ಅದಕ್ಕೆ ದಾರಿಬದಿಯಲ್ಲಿ ಹೊತ್ತಿಳಿದ ಮೇಲೆ ಸೇರುವ ಸಂತೆ ಅಂತ ಅರ್ಥ. ಹರಾಜು ಅರಬ್ಬಿಯಿಂದ ಬಂದಿದ್ದು. ಉತ್ತರ ಕರ್ನಾಟಕದವರು ಹೇಳುವ ಲಿಲಾವು ಪೋರ್ಚುಗೀಸರದ್ದು. ಹಳೆ ಸಾಮಾನಿನ ವ್ಯಾಪಾರಕ್ಕೆ ನಾವು ಬಳಸುವ ಮಾತುಗಳೇ ಊರೂರು ಸುತ್ತಿ ಕೈ ಬದಲಾಯಿಸಿ ಬಂದಿವೆ.

ವಿಷಯಕ್ಕೆ ಬರ್ತೀನಿ. ಹೋದ ವರ್ಷ ನಂಜನಗೂಡಿನ ಒಂದು ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಸೈಕಲ್ ರಿಮ್ಮುಗಳ ಕೆಳಗೆ ಒಂದು ಹಿತ್ತಾಳೆ ಚೊಂಬು ಸಿಕ್ಕಿತು. ಅಂಗಡಿಯವನು ತಕ್ಕಡಿಗೆ ಹಾಕಿ ಹಿತ್ತಾಳೆಯ ರೇಟಿನಲ್ಲಿ 350 ರೂಪಾಯಿ ಅಂದ. ಚೌಕಾಸಿ ಮಾಡದೆ ಕೊಟ್ಟೆ, ಯಾಕೆಂದರೆ ಅಂಥ ಕಂಠ, ಅಂಥ ತೂಕದ ಚೊಂಬನ್ನು "ಆಂಟಿಕ್" ಅಂತ ಹೆಸರಿಟ್ಟು ಬೆಂಗಳೂರಲ್ಲಿ ಮೂರು ಪಟ್ಟಿಗೆ ಮಾರುತ್ತಾರೆ. ಮನೆಗೆ ತಂದು ಹುಣಿಸೆಹಣ್ಣು ಹಾಕಿ ಉಜ್ಜಿದಾಗ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿತು. ಒಂದು ಹೆಣ್ಣಿನ ಹೆಸರು, ಒಂದು ಊರು, "ಲಗ್ನದ ಉಡುಗೊರೆ", 1961.

ಪಾತ್ರೆಗೆ ಹೆಸರು ಹೊಡೆಸುವುದು ನಿಮಗೆಲ್ಲ ಗೊತ್ತಿರುತ್ತೆ. ಪಾತ್ರೆ ಅಂಗಡಿಯ ಮುಂದೆ ಒಬ್ಬ ಸಣ್ಣ ಉಳಿ, ಸುತ್ತಿಗೆ ಹಿಡಿದು ಕೂತಿರುತ್ತಿದ್ದ, ಆಮೇಲೆ ಅವನ ಕೈಗೆ ಕರೆಂಟಿನ ಮೆಷಿನ್ ಬಂತು. ಮದುವೆಗೆ ಕೊಟ್ಟ ಕೊಡ, ಸೀಮಂತಕ್ಕೆ ಕೊಟ್ಟ ತಟ್ಟೆ, ಎಲ್ಲದರ ಮೇಲೂ ಕೊಟ್ಟವರ ಹೆಸರು, ಪಡೆದವರ ಹೆಸರು, ತಾರೀಖು. ಊರೊಟ್ಟಿನ ಸಮಾರಂಭಕ್ಕೆ ಪಾತ್ರೆ ಎರವಲು ಕೊಟ್ಟರೆ ಸರಿಯಾಗಿ ವಾಪಸ್ ಬರಲಿ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಆ ಚೊಂಬು ಹಿಡಿದಾಗ ಹೊಳೆಯಿತು. ಬಹಳ ಹೆಂಗಸರಿಗೆ ಆಗ ತಮ್ಮ ಹೆಸರಿನಲ್ಲಿ ಜಮೀನಿರಲಿಲ್ಲ, ಬ್ಯಾಂಕ್ ಪಾಸ್‌ಬುಕ್ ಇರಲಿಲ್ಲ. ಹೆಸರು ಬರೆದಿದ್ದ ಆಸ್ತಿ ಅಂದರೆ ಈ ಪಾತ್ರೆಗಳೇ. ಹಾಗಾದರೆ ಇದು ಗುಜರಿಗೆ ಹೇಗೆ ಬಂತು? ಯಾರು ಮಾರಿದರು, ಯಾಕೆ?

ಈ ಪ್ರಶ್ನೆ ಬಹಳ ಹಳೆಯದು. ಇದನ್ನು ಕೇಳಲೇಬೇಕು ಅಂತ ಕಾನೂನು ಮಾಡಿದ್ದ ಪುಸ್ತಕವೊಂದು ನಮ್ಮ ಮೈಸೂರಿನಲ್ಲೇ ಸಿಕ್ಕಿದ್ದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ತಂಜಾವೂರಿನ ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು, ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದು ಏನು ಅಂತ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ನಾಲ್ಕನೇ ಅಧಿಕರಣದಲ್ಲಿ ಮಾರುಕಟ್ಟೆಯ ಅಧಿಕಾರಿಗೆ ಒಂದು ನಿಯಮ ಇದೆ: ಹಳೆಯ ಸಾಮಾನನ್ನು ಮಾರುವವನಾಗಲಿ ಅಡ ಇಡುವವನಾಗಲಿ, ಅದು ತನ್ನದೇ ಅಂತ ರುಜುವಾತು ಮಾಡಬೇಕು, ಆಮೇಲಷ್ಟೇ ವ್ಯಾಪಾರ. ಅದೇ ಜಾಗದಲ್ಲಿ ತೂಕ, ಅಳತೆಯ ಮೋಸಕ್ಕೆ ದಂಡವನ್ನೂ ಹೇಳಿದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಗುಜರಿ ಅಂಗಡಿಗೆ ಇನ್ಸ್‌ಪೆಕ್ಟರ್ ಇದ್ದ ಅಂದ ಹಾಗಾಯ್ತು. ನಮ್ಮ ಅಂಗಡಿಯವನಿಗೆ ಇದನ್ನು ಹೇಳಿದೆ. "ಅವನಿಗೂ ಮಾಮೂಲು ಕೊಡಬೇಕಿತ್ತಾ ಸಾರ್?" ಅಂತ ಕೇಳಿದ.

ಆದರೆ ಸಾಮಾನು ತನ್ನದೇ ಆಗಿದ್ದೂ ಮಾರುವ ಗತಿ ಬಂದರೆ? ಅದಕ್ಕೆ ಅರ್ಥಶಾಸ್ತ್ರದ ಆ ನಿಯಮ ಸಾಲದು.

ಮೈಸೂರು ಸೀಮೆ ಕಂಡ ಅತಿ ದೊಡ್ಡ ಅಗ್ಗದ ಮಾರಾಟ ಯಾವುದು ಅಂತ ಯೋಚಿಸಿದ್ದೀರಾ? 1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದ ಲೂಟಿ ಅಂತ ಬಹಳ ಜನ ಹೇಳಬಹುದು. ಸಿಪಾಯಿಗಳು ಬೆಲೆ ಗೊತ್ತಿಲ್ಲದೆ ಒಡವೆಗಳನ್ನು ಪುಡಿಗಾಸಿಗೆ ಮಾರಿಕೊಂಡರು, ಉಳಿದಿದ್ದನ್ನು ಕಂಪನಿಯ ಪ್ರೈಜ್ ಏಜೆಂಟರು ಹರಾಜು ಹಾಕಿದರು. ಆಗ ಊರು ಬಿಟ್ಟ ಸಾಮಾನುಗಳ ವ್ಯಾಪಾರ ಇವತ್ತಿಗೂ ನಿಂತಿಲ್ಲ. ಟಿಪ್ಪುವಿನ ಶಯ್ಯಾಗೃಹದ್ದು ಅಂತ ಹೇಳುವ ಕತ್ತಿ 2023ರ ಮೇನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು.

ನನ್ನ ಪ್ರಕಾರ ಅದಲ್ಲ. ಅದು 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ರಲ್ಲಿ ಮತ್ತೆ ಎಣಿಸಿದಾಗ ಸುಮಾರು 42 ಲಕ್ಷ. ಜನ ಸಾಯುವ ಮೊದಲು ಏನೇನು ಮಾಡಿದರು ಅಂತ ಯೋಚಿಸಿ. ಮೊದಲು ದನ ಹೋಯಿತು, ಆಮೇಲೆ ಒಡವೆ, ಆಮೇಲೆ ಪಾತ್ರೆ, ಕೊನೆಗೆ ಮನೆಯ ತೊಲೆ, ಬಾಗಿಲು. ದಕ್ಷಿಣದ ಬರ ಸೀಮೆಯ ಹೆಂಗಸರ ಬೆಳ್ಳಿ ಒಡವೆಗಳು ಮೂಟೆ ಮೂಟೆಯಾಗಿ ಬೊಂಬಾಯಿಯ ಟಂಕಸಾಲೆ ಸೇರಿ ಕರಗಿ ರೂಪಾಯಿಗಳಾದವು. ಒಂದೊಂದು ಕಡಗಕ್ಕೂ ಒಬ್ಬ ಮಾರಿದವಳು ಇದ್ದ ಹಾಗೆ, ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟು ಕೊಂಡವನೂ ಒಬ್ಬ ಇದ್ದನಲ್ಲ. ಕೊಂಡವರ ಮಾತು ಮಾತ್ರ ಎಲ್ಲೂ ಕಾಣುವುದಿಲ್ಲ. ಇದನ್ನು ಓದಿದ ಮೇಲೆ ಎರಡು ಮೂರು ವಾರ ನಾನು ಗುಜರಿ ಕಡೆ ಹೋಗಲಿಲ್ಲ. ಆಮೇಲೆ ಹೋದೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಕಾಲದಲ್ಲಿ ಹಿತ್ತಾಳೆ ಮನೆ ಬಿಟ್ಟಿದ್ದು ಬರದಿಂದಲ್ಲ, ಸ್ಟೀಲಿನಿಂದ. ತುಕ್ಕು ಹಿಡಿಯದ ಈ ಉಕ್ಕನ್ನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ತಯಾರಿಸಿದ್ದು 1913ರಲ್ಲಿ (ನಂಜನಗೂಡಿನ ಹಲ್ಲುಪುಡಿಯ ಸದ್ವೈದ್ಯಶಾಲೆ ಶುರುವಾಗಿದ್ದೂ ಅದೇ ವರ್ಷ, ಎರಡೂ ಹೊಳಪಿನ ವ್ಯಾಪಾರವೇ!). ನಮ್ಮ ಅಡುಗೆಮನೆಗೆ ಅದು ಬರಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಪಕ್ಕದ ತಮಿಳುನಾಡಿನ ಸೇಲಂನಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಸರ್ಕಾರಿ ಸ್ಟೇನ್‌ಲೆಸ್ ಕಾರ್ಖಾನೆ ಶುರುವಾಯಿತು. ತಲೆ ಮೇಲೆ ಬುಟ್ಟಿ ಹೊತ್ತ ಪಾತ್ರೆಯವಳು ಬೀದಿಗೆ ಬಂದಳು ಅಂದರೆ ಹಳೆ ಸೀರೆ, ಜರಿ, ಹಿತ್ತಾಳೆ ಏನು ಕೊಟ್ಟರೂ ಅವಳ ಹತ್ತಿರ ಅದಕ್ಕೊಂದು ಲೆಕ್ಕ. ಕಲಾಯಿಯವನಿಗೆ ಕಾಯುವ ಹಾಗಿಲ್ಲ, ಹುಣಿಸೆಹಣ್ಣು ಖರ್ಚಿಲ್ಲ, ಮಜ್ಜಿಗೆ ಕಿಲುಬು ಹಿಡಿಯಲ್ಲ. 1988ರಲ್ಲಿ ಸರ್ಕಾರ ಹತ್ತು, ಇಪ್ಪತ್ತೈದು, ಐವತ್ತು ಪೈಸೆಯನ್ನೂ ಸ್ಟೀಲಿನಲ್ಲಿ ಹೊಡೆಸಿತು. ಜೇಬೂ ಅಡುಗೆಮನೆಯೂ ಒಂದೇ ಬಣ್ಣಕ್ಕೆ ತಿರುಗಿದವು.

ಇದಕ್ಕಿಂತ ಮುಂಚೆ ಇನ್ನೊಂದು ಅಲೆ ಬಂದಿತ್ತು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ಅದರ ಹಿಂದೆಯೇ ಕಿಲೋ, ಲೀಟರ್. ಸೇರು, ಪಾವು, ಚಟಾಕುಗಳು ನಿವೃತ್ತಿಯಾದವು. ಈಗ ನೂರಾರು ರೂಪಾಯಿ ಕೊಟ್ಟು ಶೋಕೇಸಿಗೆ ಇಡುವ ಹಿತ್ತಾಳೆ ಪಾವು ಆಗ ಗುಜರಿಗೆ ಬಿದ್ದ ಮಾಲು. ತೂತು ಕಾಸೂ ಹಾಗೇ. ಎರಡನೇ ಮಹಾಯುದ್ಧದಲ್ಲಿ ತಾಮ್ರ ಉಳಿಸಲು 1943ರಿಂದ ನಡುವೆ ತೂತು ಬಿಟ್ಟು ಹೊಡೆದ ಕಾಸು ಅದು, ಜನ ಅದನ್ನೇ ಬೋಲ್ಟಿಗೆ ವಾಷರ್ ಮಾಡಿಕೊಂಡರು. ನನ್ನ ಹತ್ತಿರ ಇರುವ ಎರಡು ತೂತು ಕಾಸು ಬಂದಿದ್ದು ಒಂದು ಹಳೆ ಎತ್ತಿನ ಗಾಡಿಯ ಬೋಲ್ಟಿನಿಂದಲೇ.

ನಾಣ್ಯದ ವಿಷಯ ಬಂದರೆ ನನ್ನನ್ನು ನಿಲ್ಲಿಸುವುದು ಕಷ್ಟ. ನಂಜನಗೂಡಿನ ಸ್ನಾನಘಟ್ಟದಲ್ಲಿ ಭಕ್ತರು ಕಪಿಲೆಗೆ ಕಾಸು ಎಸೆಯುತ್ತಾರೆ, ನರಸೀಪುರದಲ್ಲಿ ಅದೇ ಕಪಿಲೆ ಕಾವೇರಿ ಸೇರುವ ಸಂಗಮದಲ್ಲೂ ಎಸೆಯುತ್ತಾರೆ. ಮುಳುಗಿ ಹೆಕ್ಕುವ ಹುಡುಗರ ಕೈಗೆ ಒಮ್ಮೊಮ್ಮೆ ಆನೆ ಕಾಸು ಬರುತ್ತೆ. ಆನೆಯ ಹಿಂದಿನ ಮಗ್ಗುಲಲ್ಲಿ ಪಟ್ಟಣದ ಟಂಕಸಾಲೆಯ ಹೆಸರು ಪಾರಸಿಯಲ್ಲಿದ್ದರೆ ಟಿಪ್ಪುವಿನದು. ಕನ್ನಡದಲ್ಲಿ "ಮಯಿಲಿ ಕಾಸು" ಅಂತ ಇದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರದು. ಆ ಟಂಕಸಾಲೆ 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ನರಸೀಪುರ ತಾಲ್ಲೂಕಿನ ತಲಕಾಡಿನ ಹೆಸರನ್ನೇ ಹೊತ್ತ ಚಿನ್ನದ ನಾಣ್ಯ ಇದೆ ಗೊತ್ತಾ? ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಹೊಯ್ಸಳ ವಿಷ್ಣುವರ್ಧನ ಕನ್ನಡದಲ್ಲಿ "ಶ್ರೀ ತಳಕಾಡುಗೊಂಡ" ಅಂತ ಬರೆಸಿ ಹೊಡೆಸಿದ್ದು. ಗುಜರಿಯಲ್ಲಿ ಅದು ಸಿಗುತ್ತೆ ಅಂತ ಕಾಯುತ್ತಿಲ್ಲ, ಹೆದರಬೇಡಿ.

ಜಾತ್ರೆಯಲ್ಲಿ ಸಿಗುವುದು ಬೇರೆ. ಒಂದು ಕಡೆ ರಾಮ ಸೀತೆ ಆಂಜನೇಯ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ 1818 ಅಂತ ಇರುವ "ಲಕ್ಷ ಬೆಲೆಯ" ಬಿಲ್ಲೆ. ಕಂಪನಿ ಅಂಥ ನಾಣ್ಯವನ್ನು ಯಾವತ್ತೂ ಹೊಡೆಸಿಲ್ಲ, ಎಲ್ಲ ಈಚಿನ ಕಸುಬು. ಅಕ್ಕಿ ಕಾಳನ್ನು ಎಳೆದುಕೊಳ್ಳುವ ತಾಮ್ರದ ಚೊಂಬು ಇನ್ನೂ ದೊಡ್ಡ ಮೋಸ, ಅದನ್ನು ನಂಬಿ ಮನೆ ಮಾರಿದವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತೆ. ಇನ್ನು ನಿಜವಾದ ಹಳೆ ಮಾಲು ಸಿಕ್ಕರೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ, ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಕಲಾವಸ್ತುಗಳು ಅದರೊಳಗೆ ಬರುತ್ತವೆ. ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವ ಹಾಗಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾಯ್ದೆಯಂತೂ 1878ರಷ್ಟು ಹಳೆಯದು.

ಕಾನೂನು ಮುಟ್ಟದ ಒಂದು ತಪ್ಪನ್ನೂ ಹೇಳಿಬಿಡ್ತೀನಿ. ನಾಲ್ಕೈದು ವರ್ಷದ ಹಿಂದೆ ನರಸೀಪುರದ ಸಂತೆಯಲ್ಲಿ ಒಬ್ಬ ಮುದುಕ ಒಂದು ಕಂಚಿನ ದೀಪ ಹಿಡಿದು ಕೂತಿದ್ದ. ತೂಕಕ್ಕೆ ಕೇಳಿದ. ಅದರ ನಿಜವಾದ ಬೆಲೆ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ದೀಪ ಇನ್ನೂ ನಮ್ಮ ಮನೆಯಲ್ಲೇ ಇದೆ, ಒಂದು ದಿನವೂ ಹಚ್ಚಿಲ್ಲ.

ಆ ದೀಪದ ಕಾರಣಕ್ಕೋ ಏನೋ, ಚೊಂಬಿನ ಮೇಲೆ ಊರಿನ ಹೆಸರು ಕಂಡಾಗ ಸುಮ್ಮನಿರಲು ಆಗಲಿಲ್ಲ. ನಂಜನಗೂಡು ತಾಲ್ಲೂಕಿನದೇ ಊರು. ಬೈಕಿನಲ್ಲಿ ಹೋಗಿ ಅರಳಿಕಟ್ಟೆಯಲ್ಲಿ ಕೇಳಿದೆ. ಅದೃಷ್ಟಕ್ಕೆ ಆ ಹೆಸರಿನವರು ಇನ್ನೂ ಇದ್ದರು, ಎಂಬತ್ತು ದಾಟಿದ ಅಜ್ಜಿ, ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕಷ್ಟಕ್ಕೆ ಮಾರಿದ್ದಾಗಿದ್ದರೆ ವಾಪಸ್ ಕೊಟ್ಟುಬಿಡೋಣ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.

ಚೊಂಬನ್ನು ತಿರುಗಿಸಿ ನೋಡಿದರು. ಅಕ್ಷರದ ಮೇಲೆ ಬೆರಳಾಡಿಸಿದರು. "ಸೋದರಮಾವ ಕೊಟ್ಟಿದ್ದು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕು, ಇಂಥವು ಆರು ಕೊಟ್ಟು ಪಾತ್ರೆಯವಳ ಹತ್ತಿರ ಮೂರು ಸ್ಟೀಲ್ ಬಿಂದಿಗೆ ತಗೊಂಡೆ, ಒಳಗಿವೆ ನೋಡು, ಇನ್ನೂ ಒಂದೂ ಸೋರಿಲ್ಲ ಅಂದರು.

"ಇದನ್ನ ನೀವೇ ಇಟ್ಕೊಳ್ಳಿ ಅಜ್ಜಿ" ಅಂದೆ.

"ಉಜ್ಜೋರು ಯಾರಪ್ಪ?" ಅಂತ ನನ್ನ ಕೈಗೇ ವಾಪಸ್ ಕೊಟ್ಟರು. ಕಾಫಿ ಆಯಿತು. ಹೊರಡುವಾಗ, ಎಷ್ಟು ಕೊಟ್ಟೆ ಇದಕ್ಕೆ ಅಂತ ಕೇಳಿದರು.

ಮುನ್ನೂರೈವತ್ತು ಅಂದೆ.

"ಮೋಸ ಹೋದೆ ಕಣೋ ಮಗ" ಅಂದು ಮತ್ತೆ ಅವರೆಕಾಯಿ ಸುಲಿಯಲು ಕೂತರು.