ಊರು ಬಿಟ್ಟವರ ಸಾಸೇಜು

ಈ ಸಲದ ವಿಷಯ ಕೇಳಿ ನಮ್ಮ ದೊಡ್ಡ ವೈನಿ ಮೂಗು ಮುರೀತಾರ, ಅದು ನಂಗ ಗೊತ್ತದ. ಸಾಸೇಜ್ ಅಂದ್ರ ಮಾಂಸ ಅರದು ಕರುಳಿನ ಚೀಲದಾಗ ತುಂಬಿ ಮಾಡೂ ಪದಾರ್ಥ. ನಾವು ತಿನ್ನೂದಿಲ್ಲ, ನಾನೂ ಬಾಯಾಗ ಇಟ್ಟಿಲ್ಲ. ಆದ್ರ ಅದರ ಇತಿಹಾಸ ಕೇಳಿದ ಮ್ಯಾಲೆ ನಾ ನನ್ನ ಮಗಳ ಮುಂದ ತಪ್ಪು ಒಪ್ಪಿಕೊಳ್ಳೂ ಹಂಗಾತು. ಅದಕ್ಕ ಬರೀಲಿಕ್ಕತ್ತೇನಿ.

ಮಗಳ ಬಾಣಂತನಕ್ಕ ಅಂತ ಅಮೆರಿಕಾದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಹೋಗಿದ್ದೆ. ನಾ ಮುಟ್ಟಿದ ಮರುದಿನ, ಎಂಟು ತಿಂಗಳ ಬಸುರಿ, ಅವ್ವ ಬಂದಾಳ ಅಂತ ರೊಟ್ಟಿ ಮಾಡಿದ್ಲು. ಅಲ್ಲಿ ಅಂಗಡ್ಯಾಗ ಸಿಗೂ ಜೋಳದ ಹಿಟ್ಟು ಹಳೇದು, ಜಿಗಿ ಇರೂದಿಲ್ಲ. ಸ್ವಲ್ಪ ಗೋಧಿ ಹಿಟ್ಟು ಕೂಡಿಸಿ ಲಟ್ಟಣಿಗೀಲೆ ಲಟ್ಟಿಸಿದ್ಲು. ನಾ ನೋಡಿದವಳ, "ಇದಕ್ಕ ರೊಟ್ಟಿ ಅಂತಾರೇನವಾ?" ಅಂದುಬಿಟ್ಟೆ. ಅಕಿ ಏನೂ ಮಾತಾಡ್ಲಿಲ್ಲ. ಮರುದಿನದಿಂದ ಅನ್ನಾ ಸಾರು ಅಷ್ಟ.

ಬಾಜೂಮನ್ಯಾಗ ಒಬ್ಬ ಅಜ್ಜಿ ಇದ್ರು. ಅವರ ತವರು ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್. ಮದಿವ್ಯಾಗಿ ಬಂದು ನಲವತ್ತು ವರ್ಷ ಆಗಿತ್ತು. ಊರಿಂದು ಏನು ಭಾಳ ನೆನಪಾಗ್ತದ ಅಂತ ಮಗಳ ಕಡೆಯಿಂದ ಕೇಳಿಸಿದೆ. ಅವ್ವನ ಮನಿ, ಗುಡ್ಡ, ಹಿಮ ಏನರೆ ಹೇಳ್ತಾರ ಅನ್ಕೊಂಡಿದ್ದೆ. "ನಮ್ಮೂರ ಸಾಸೇಜು" ಅಂದ್ರು!

ಆ ಊರಿನ ಸಾಸೇಜಿನ ಬಣ್ಣ ಬೆಳ್ಳಗ. ಕರುವಿನ ಮಾಂಸಕ್ಕ ಹಾಲು ಹಾಕಿ ಮಾಡ್ತಾರಂತ. 1438ರಾಗ ಸೇಂಟ್ ಗ್ಯಾಲನ್ ಕಸಾಯಿ ಸಂಘದವರು ಬರೆದಿಟ್ಟ ನಿಯಮದಾಗ ಅದರ ಸುದ್ದಿ ಅದ. ಸಾಸಿವಿ ಚಟ್ನಿ ಹಚ್ಚಿ ತಿಂದ್ರ ಆ ಊರಿನವರಿಗೆ ಸಿಟ್ಟು ಬರ್ತದ. ಅಮೆರಿಕಾಕ್ಕ ಬರೂ ಮುಂದ ಪೆಟ್ಟಿಗ್ಯಾಗ ಇಟ್ಕೊಂಡು ಬರೋಣಂದ್ರ ಅದೂ ಆಗೂದಿಲ್ಲ, ಮಾಂಸದ ಪದಾರ್ಥಕ್ಕ ವಿಮಾನ ನಿಲ್ದಾಣದಾಗ ತಡೀತಾರ. ಅದಕ್ಕ ಅಜ್ಜಿ ವರ್ಷಕ್ಕ ಎರಡು ಸಲ ನ್ಯೂ ಗ್ಲಾರಸ್ ಅನ್ನೂ ಊರಿಗೆ ಹೋಗ್ತಾರ. ಒಂದು ಸಲ ನಮ್ಮನ್ನೂ ಕರಕೊಂಡು ಹೋದ್ರು.

ಆ ಊರು ಹುಟ್ಟಿದ ಕತಿ ಕೇಳ್ರಿ. ಸ್ವಿಟ್ಜರ್ಲೆಂಡಿನ ಗ್ಲಾರಸ್ ಪ್ರಾಂತದ ಮಂದಿ ನೂಲು, ಮಗ್ಗ ನಂಬಿಕೊಂಡಿದ್ರು. ಯಂತ್ರದ ಮಗ್ಗ ಬಂದು ಕೈಮಗ್ಗದವರ ಹೊಟ್ಟಿಗೆ ಕಲ್ಲು ಬಿತ್ತು. ಈ ಗೋಳು ನಮ್ಮ ಬೆಟಗೇರಿ, ಗುಳೇದಗುಡ್ಡದವರಿಗೆ ನಾ ಬಿಡಿಸಿ ಹೇಳಬೇಕಾಗಿಲ್ಲ. ಕಡೀಕ ಅಲ್ಲಿಯವರು ಸೇರಿ ಇಬ್ಬರನ್ನ ಮುಂದ ಕಳಿಸಿ ವಿಸ್ಕಾನ್ಸಿನ್‌ನಾಗ 1,200 ಎಕರೆ ಜಮೀನು ಕೊಂಡ್ರು. 1845ರ ಏಪ್ರಿಲ್‌ನಾಗ 193 ಮಂದಿ ಊರು ಬಿಟ್ರು. ನದಿ, ಸಮುದ್ರ, ಮತ್ತ ನದಿ ದಾಟಿ ಆಗಸ್ಟ್‌ನಾಗ ಹೊಸಾ ಜಾಗಾ ಮುಟ್ಟಿದವರು 108 ಮಂದಿ ಅಷ್ಟ. ಕೆಲವರು ದಾರ್‍ಯಾಗ ತೀರಿಕೊಂಡ್ರು, ಕೆಲವರು ನಡುವ ಬ್ಯಾರೆ ಊರಾಗ ಉಳಕೊಂಡ್ರು. ಮೊದಲ ಗೋಧಿ ಬೆಳದ್ರು, ಅದು ಕೈ ಕೊಟ್ಟ ಮ್ಯಾಲೆ ಆಕಳ ಸಾಕಿ ಚೀಸ್ ಮಾಡ್ಲಿಕ್ಕೆ ನಿಂತ್ರು.

ಅವರು ತಮ್ಮೂರಿನ ಕಾಲ್ಬರ್‌ವುರ್ಸ್ಟ್ ಅನ್ನೂ ಸಾಸೇಜನ್ನ ಬಿಡ್ಲಿಲ್ಲ. ಕರುವಿನ ಮಾಂಸ, ಹಾಲು, ಬ್ರೆಡ್ಡು ಹಾಕಿ ಮಾಡೂದು. ಬಡತನದಾಗ ಬ್ರೆಡ್ ಹಾಕಿದ್ರ ಮಾಂಸ ಪೂರೈಸ್ತದಲ್ಲ, ನಾವು ಬ್ಯಾಳಿಗೆ ನೀರು ಹೆಚ್ಚಿಗಿ ಹಾಕಿಧಂಗ ಅನ್ಕೊಂಡೆ. ಹಳೇ ಗ್ಲಾರಸ್‌ನಾಗ ಮೇ ತಿಂಗಳ ಮೊದಲನೇ ಐತವಾರ ಊರಿನ ಮಂದಿ ಬಯಲಾಗ ಕೂಡಿ ಕೈ ಎತ್ತಿ ಕಾಯ್ದೆ ಮಾಡ್ತಾರ. ಅವತ್ತು ಮನಿ ಮನ್ಯಾಗ ಇದ ಅಡಿಗಿ. ಉಳ್ಳಾಗಡ್ಡಿ ಗೊಜ್ಜು, ಕಲಸಿದ ಆಲೂಗಡ್ಡಿ ಜೋಡಿ. ಹೆಂಗಸರಿಗೆ ಆ ಸಭಾದಾಗ ಕೈ ಎತ್ತೂ ಹಕ್ಕು ಬಂದದ್ದು 1971ರಾಗ. ಅಲ್ಲಿತನಕ ಅವರ ಕೈಯಾಗ ಸೌಟಷ್ಟ ಇತ್ತೋ ಏನೋ!

ಅಜ್ಜಿ ನ್ಯೂ ಗ್ಲಾರಸ್‌ನಾಗ ಅದನ್ನ ತಿಂದು, "ಇದು ನಮ್ಮೂರಿಂದಲ್ಲ. ಆದ್ರ ಇದನ್ನ ಮಾಡಿದವರೂ ನನ್ನಂಗ ಊರು ಬಿಟ್ಟವರು" ಅಂದ್ರು. ಹಂಗಾರ ಅಸಲಿ ಯಾವುದು ಅಂತ ಕೇಳಿದೆ. ಅದಕ್ಕ ಅವರು ನಕ್ಕೋತ ಸರ್ವೆಲಾದ ಕತಿ ಹೇಳಿದ್ರು.

ಸರ್ವೆಲಾ ಅಂದ್ರ ಇಡೀ ಸ್ವಿಟ್ಜರ್ಲೆಂಡಿನ ಸಾಸೇಜು. ಎರಡೂ ತುದಿ ಸೀಳಿ, ಕಡ್ಡಿಗೆ ಚುಚ್ಚಿ ಬೆಂಕಿಗೆ ಹಿಡಿದ್ರ ಹೂವಿನಂಗ ಅರಳ್ತದ. ಆಗಸ್ಟ್ 1ರ ಅವರ ರಾಷ್ಟ್ರೀಯ ಹಬ್ಬಕ್ಕ ಅದು ಬೇಕ ಬೇಕು. ಬಾಸೆಲ್‌ನಾಗ ಅದಕ್ಕ ಕ್ಲೊಪ್ಫರ್ ಅಂತಾರ. ಬಾಸೆಲ್ ಅಂದಕೂಡ್ಲೆ ನಂಗ 1837ರಾಗ ನಮ್ಮ ಧಾರವಾಡಕ್ಕ ಬಂದ ಬಾಸೆಲ್ ಮಿಶನ್ ನೆನಪಾತು. ಅದು ಆ ಊರಿನ ಹೆಸರ!

ಇಷ್ಟು ಅಭಿಮಾನದ ಸರ್ವೆಲಾಕ್ಕ ಹೊದಿಕಿ ಎಲ್ಲಿಂದು ಗೊತ್ತದೇನು? ಬ್ರೆಜಿಲ್ ದೇಶದ ದನದ ಕರುಳು. ತೆಳ್ಳಗ, ಸರಿಯಾಗಿ ಬಾಗ್ತದ, ಬೆಂಕ್ಯಾಗ ಒಡಿಯೂದಿಲ್ಲ. 2006ರಾಗ ದನದ ಹುಚ್ಚುರೋಗದ ಭಯಕ್ಕ ಯುರೋಪಿನವರು ಬ್ರೆಜಿಲ್ ಕರುಳು ತರಿಸೂದು ನಿಲ್ಲಿಸಿದ್ರು. ಸ್ವಿಟ್ಜರ್ಲೆಂಡೂ ಅದನ್ನ ಪಾಲಿಸಬೇಕಾತು. 2008ರ ಹೊತ್ತಿಗೆ ದಾಸ್ತಾನು ಮುಗೀತದ ಅಂತ ದೇಶಕ್ಕ ದೇಶ ಗಾಬರಿ. ಬ್ಯಾರೆ ಬ್ಯಾರೆ ಕರುಳು ತಂದು ಪರೀಕ್ಷಾ ಮಾಡಿದ್ರು. ಒಂದು ಒಡೀತು, ಒಂದು ಸುಲೀಲಿಕ್ಕೆ ಬರಲಿಲ್ಲ.

ನಂಗ ಆಶ್ಚರ್ಯ ಅನಿಸಿದ್ದು ಮುಂದಿಂದು. ಆ ಬ್ರೆಜಿಲ್ ದನ ಇಣಿ ಇರೂವಂಥ ಜಾತಿ. ಹತ್ತೊಂಬತ್ತನೇ ಶತಮಾನದಿಂದ ನಮ್ಮ ದೇಶದಿಂದನ ಹಡಗಿನ್ಯಾಗ ಹೋದವು. ಅಲ್ಲೆ ಭಾಳ ಬೆಳದ ಜಾತಿಗೆ ನೆಲೋರ್ ಅಂತಾರ, ಆಂಧ್ರದ ನೆಲ್ಲೂರಿನ ಹೆಸರು. ಅಂದ್ರ ಸ್ವಿಸ್ ಮಂದಿಯ ಅಸಲಿ ಸಾಸೇಜಿನ ಅಂಗಿ, ಭಾರತದಿಂದ ಬ್ರೆಜಿಲ್‌ಗೆ ಹೋದ ದನದ್ದು!

ಆ ದಿನ ರಾತ್ರಿ ನಿದ್ದಿ ಹತ್ತಲಿಲ್ಲ. ನಮ್ಮ ಜೋಳಾನೂ ಆಫ್ರಿಕಾದಿಂದ ಬಂದದ್ದು, ಬ್ಯಾಡಗಿ ಮೆಣಸಿನಕಾಯಿಯ ಮೂಲ ಅಮೆರಿಕಾ. ಹಂಗಿದ್ದ ಮ್ಯಾಲೆ ಆ ಬಸುರಿ ಹುಡುಗಿ ನಿಂತು ಲಟ್ಟಿಸಿದ ರೊಟ್ಟಿಗೆ ಹೆಸರಿಡ್ಲಿಕ್ಕೆ ನಾ ಯಾರು?

ಮುಂಜಾನೆ ಎದ್ದು, "ನಿನ್ನ ರೊಟ್ಟಿ ಹೆಂಗ ಮಾಡ್ತಿ, ನಂಗ ಕಲಿಸವಾ" ಅಂದೆ. ಅಕಿ ಒಂದು ಗಳಿಗಿ ನನ್ನ ಮಾರಿ ನೋಡಿ, ಕೂಸಿನ್ನ ನನ್ನ ಉಡ್ಯಾಗ ಹಾಕಿ, ಒಲಿ ಹಚ್ಚಿದ್ಲು. ಎರಡು ರೊಟ್ಟಿ ಶೇಂಗಾ ಹಿಂಡಿ ಜೋಡಿ ತಿಂದೆ. ಅಜ್ಜಿಗೂ ಒಂದು ಕಳಿಸಿದ್ವಿ. "ಸಾಸಿವಿ ಹಚ್ಚಬೇಕೋ ಬ್ಯಾಡೋ?" ಅಂತ ಕೇಳಿ ಕಳಿಸಿದ್ರು.