ಕುಂಟುವ ಕುದುರೆಯ ಲಾಳ

ಲಾಳವೆಂದರೆ ಗೊರಸು ಸವೆಯದಂತೆ ಕಾಪಾಡುವ ಕಬ್ಬಿಣದ ಪಟ್ಟಿಯೆಂದಷ್ಟೇ ನಮ್ಮಲ್ಲಿ ಬಹುಮಂದಿ ಬಲ್ಲರು. ಜಟಕಾ ಕುದುರೆಯ ಹೆಜ್ಜೆಯ ಸಪ್ಪಳಕ್ಕಿಂತ ಆಚೆಗೆ ಅದರ ವಿಚಾರವನ್ನು ಚಿಂತಿಸುವ ಸಂದರ್ಭವೇ ಒದಗುವುದಿಲ್ಲ. ಆದರೆ 18ನೆಯ ಶತಮಾನದ ಯೂರೋಪಿನಲ್ಲಿ, ಕಾಪಾಡಬೇಕಾದ ಲಾಳವೇ ಕುದುರೆಯನ್ನು ಕುಂಟಾಗಿಸುತ್ತಿದೆಯೆಂಬ ಆಪಾದನೆ ಹುಟ್ಟಿತು.

ಇದರಲ್ಲಿ ಸತ್ಯಾಂಶವಿದ್ದಿತು. ಗೊರಸನ್ನು ಎತ್ತಿ ನೋಡಿದರೆ ಅಂಚಿನಲ್ಲಿ ಗಡುಸಾದ ಗೋಡೆಯೂ, ಹಿಮ್ಮಡಿಯಿಂದ ಮುಂದಕ್ಕೆ ಚಾಚಿದ ಮೆತ್ತನೆಯ ತ್ರಿಕೋಣವೂ ಕಾಣುವುವು. ಈ ತ್ರಿಕೋಣಕ್ಕೆ ಇಂಗ್ಲಿಷರು ಅದೇಕೋ ‘ಕಪ್ಪೆ’ಯೆಂದು ಹೆಸರಿಟ್ಟಿದ್ದಾರೆ! ಮೊಳೆ ಹೊಡೆಯುವುದು ಗೋಡೆಗೆ. ನಮ್ಮ ಉಗುರಿನ ತುದಿಯಂತೆ ಅದರ ಹೊರಪದರಕ್ಕೆ ನೋವಿಲ್ಲ. ಮೈಭಾರ ಬಿದ್ದಾಗಲೆಲ್ಲ ಹಿಮ್ಮಡಿಯು ತುಸು ಅಗಲವಾಗುವುದು ಸ್ವಭಾವ. ಕಮ್ಮಾರನು ಕಪ್ಪೆಯನ್ನು ಕತ್ತಿಯಿಂದ ಕೆತ್ತಿ, ದಪ್ಪ ಲಾಳವನ್ನು ಬಿಗಿದರೆ, ಅದು ನೆಲವನ್ನು ಮುಟ್ಟದೆ ಸೊರಗುತ್ತದೆ, ಹಿಮ್ಮಡಿ ಕುಗ್ಗುತ್ತದೆ.

ಫ್ರಾನ್ಸಿನ ರಾಜಾಶ್ವಶಾಲೆಯಲ್ಲಿದ್ದ ಲಫೋಸನು 1756ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೆತ್ತುವುದನ್ನು ನಿಲ್ಲಿಸಿ, ಗೊರಸಿನ ಮುಂಭಾಗಕ್ಕೆ ಮಾತ್ರ ಅರ್ಧಚಂದ್ರಾಕಾರದ ಗಿಡ್ಡ ಲಾಳವನ್ನು ಹಾಕಬೇಕೆಂದು ವಾದಿಸಿದನು. ಇಂಗ್ಲೆಂಡಿನ ಬ್ರೇಸಿ ಕ್ಲಾರ್ಕನು ಇನ್ನೂ ಮುಂದೆ ಹೋದನು. ಲಾಳ ಕಟ್ಟಿದ ಕುದುರೆಯೊಂದರ ಗೊರಸಿನ ಅಚ್ಚುಗಳನ್ನು ವರ್ಷವರ್ಷವೂ ತೆಗೆದು, ಅದು ಕುಗ್ಗುತ್ತ ಬಂದುದನ್ನು ಅವನು ತೋರಿಸಿದನು. ಗೊರಸು ಅಗಲಲು ಎಡೆಯಿರಲೆಂದು ಕೀಲುಳ್ಳ ಲಾಳವನ್ನೂ ಕಲ್ಪಿಸಿದನು. ರೋಗವನ್ನು ಸರಿಯಾಗಿಯೇ ಕಂಡನು. ಆದರೆ ಅವನ ಮದ್ದು ಬಳಕೆಯಲ್ಲಿ ನಿಲ್ಲಲಿಲ್ಲ. ಕಲ್ಲು ಹಾಸಿದ ಬೀದಿಯಲ್ಲಿ ದಿನವಿಡೀ ಬಂಡಿಯೆಳೆಯುವ ಪ್ರಾಣಿಗೆ ಅಂತಹ ನಾಜೂಕು ಒಗ್ಗದೆಂದೇ ನನಗೆ ತೋರುತ್ತದೆ.

ನಿಂತದ್ದು ಕುಲುಮೆಯ ಸರಳವಾದ ಉಪಾಯಗಳು. ಲಾಳದ ಎರಡು ತುದಿಗಳನ್ನೂ ಅಡ್ಡಪಟ್ಟಿಯೊಂದರಿಂದ ಬೆಸೆದರೆ, ನೊಂದ ಹಿಮ್ಮಡಿಯ ಮೇಲಿನ ಭಾರದಲ್ಲಿ ಒಂದು ಪಾಲನ್ನು ಕಪ್ಪೆಯು ಹೊರುತ್ತದೆ. ಹಿಮ್ಮಡಿಯ ಮೂಲೆಯಲ್ಲಿ ಜಜ್ಜುಗಾಯವಾಗಿದ್ದರೆ, ಆ ಕಡೆಯ ಕಾಲುಭಾಗವನ್ನು ಕತ್ತರಿಸಿ ಮುಕ್ಕಾಲು ಲಾಳವನ್ನೇ ಹಾಕುವರು. ಹಿಂದಿನ ಸ್ನಾಯುರಜ್ಜು ಉಳುಕಿದ್ದರೆ ಹಿಮ್ಮಡಿಯನ್ನು ಎತ್ತರಿಸುವರು. ಗಾಡಿಯವನಿಗೆ ಇದು ಶಾಸ್ತ್ರಚರ್ಚೆಯಾಗಿರಲಿಲ್ಲ. ಕುದುರೆ ನಿಂತರೆ ಅಂದಿನ ಕೂಲಿಯೂ ನಿಂತಿತು.

ಅಮೆರಿಕೆಯ ಟ್ರಾಯ್ ಪಟ್ಟಣದಲ್ಲಿ ಹೆನ್ರಿ ಬರ್ಡನ್ನನ ಯಂತ್ರವು 1857ರ ಹೊತ್ತಿಗೆ ನಿಮಿಷಕ್ಕೆ 60 ಲಾಳಗಳನ್ನು ಉದುರಿಸುವಂತಾಯಿತು. ಆರೋಗ್ಯವಾದ ಗೊರಸಿಗೆ ಅವು ಸಾಕು. ಆದರೆ ನೊಂದ ಗೊರಸು ಒಂದರಂತೆ ಇನ್ನೊಂದಿರುವುದಿಲ್ಲ. ಕಬ್ಬಿಣವನ್ನು ಕಾಯಿಸಿ, ಕಾಲಿಗೆ ಹಿಡಿದು ನೋಡಿ, ಮತ್ತೆ ಬಡಿದು ತಿದ್ದಬೇಕು. ಅಷ್ಟಾದರೂ ನಾಲ್ಕಾರು ವಾರಗಳೊಳಗೆ ಗೊರಸು ಬೆಳೆದುಬಿಡುತ್ತದೆ. ಆಗ ಮೊಳೆ ಕಿತ್ತು, ಗೊರಸು ತರಿದು, ಅಳತೆಯನ್ನು ಮೊದಲಿನಿಂದ ನೋಡಬೇಕಾಗುತ್ತದೆ.